ಓಕ್ ರಿಡ್ಜ್‌ನ ಐದನೆಯ ಘಟಕ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಣ್ವಸ್ತ್ರ ನಿರ್ಮಾಣಕ್ಕೆಂದೇ ಅಮೆರಿಕದ ಟೆನೆಸೀ ಪ್ರಾಂತದ ಗುಡ್ಡಗಳ ನಡುವೆ ಗೋಪ್ಯವಾಗಿ ತಲೆಯೆತ್ತಿದ ಓಕ್ ರಿಡ್ಜ್ ನಗರದಲ್ಲಿ, ಯುರೇನಿಯಂ ಒಡೆದಾಗ ಹುಟ್ಟುವ ನಾನಾ ವಿಕಿರಣಶೀಲ ಧಾತುಗಳನ್ನು ಒಂದರಿಂದೊಂದು ಬೇರ್ಪಡಿಸುವುದಕ್ಕಾಗಿ, ವಾಲ್ಡೋ ಕೋನ್ ಮೊದಲಾದ ರಸಾಯನಜ್ಞರು ಅಯಾನು ವಿನಿಮಯದ ರಾಳವನ್ನು ತುಂಬಿದ ನಳಿಕೆಗಳನ್ನು ಬಳಕೆಗೆ ತಂದರು. ಕೋನ್ ಚೆಲ್ಲೋ ವಾದಕರೂ ಹೌದು. ಆ ಊರಿನ ಸಿಂಫನಿ ವಾದ್ಯವೃಂದವನ್ನು ಕಟ್ಟಿದವರು ಅವರೇ. ಯುದ್ಧ ಮುಗಿದ ಬಳಿಕ, ಸಂಹಾರದ ಸಿದ್ಧತೆಗಾಗಿ ಪಳಗಿದ ಆ ವಿದ್ಯೆಯನ್ನು ಅವರು ಜೀವದ್ರವ್ಯದ ಪೃಥಕ್ಕರಣಕ್ಕೆ ತಿರುಗಿಸಿದರೆಂಬುದು ನನಗೆ ಇಂದಿಗೂ ಸಂತೋಷವೀಯುವ ಸಂಗತಿ.

ಆರ್‌ಎನ್‌ಎ ಎಂಬ ನ್ಯೂಕ್ಲಿಯಿಕ್ ಆಮ್ಲದಲ್ಲಿರುವುದು ನಾಲ್ಕೇ ಘಟಕಗಳೆಂದು ನಂಬಿದ್ದ ಆ ಕಾಲದಲ್ಲಿ, 1951ರಲ್ಲಿ, ಕೋನ್ ಮತ್ತು ಎಲಿಯಟ್ ವೋಲ್ಕಿನ್ ಅವರ ನಳಿಕೆಯಿಂದ ಐದನೆಯದೊಂದು ಅಲ್ಪಾಂಶವು ಇಳಿದು ಬಂದಿತು. ಕಲ್ಮಷವೆಂದು ಅದನ್ನು ಅವರು ಚೆಲ್ಲಿಬಿಡಲಿಲ್ಲ. 1957ರಲ್ಲಿ ಡೇವಿಸ್ ಮತ್ತು ಆಲೆನ್ ಯೀಸ್ಟಿನ ಆರ್‌ಎನ್‌ಎಯಲ್ಲಿಯೂ ಅದನ್ನು ಕಂಡರು; ಆ ದಶಕದ ಅಂತ್ಯದ ವೇಳೆಗೆ ಅದರ ರಚನೆ ಸ್ಪಷ್ಟವಾಗಿ, ಸ್ಯೂಡೋಯುರಿಡೀನ್ ಎಂಬ ಹೆಸರು ನಿಂತಿತು. ಆ ನಾಲ್ಕು ಘಟಕಗಳಲ್ಲೊಂದಾದ ಯುರಿಡೀನಿನಲ್ಲಿರುವ ಪರಮಾಣುಗಳೇ ಇದರಲ್ಲಿಯೂ ಇವೆ, ಒಂದು ಹೆಚ್ಚಿಲ್ಲ, ಒಂದು ಕಡಮೆಯಿಲ್ಲ. ಆದರೆ ಅಲ್ಲಿ ಘಟಕದ ಸಕ್ಕರೆಭಾಗವು ಪ್ರತ್ಯಾಮ್ಲಭಾಗದ ನೈಟ್ರೋಜನ್ ಪರಮಾಣುವಿಗೆ ಅಂಟಿದ್ದರೆ ಇಲ್ಲಿ ಕಾರ್ಬನ್ ಪರಮಾಣುವಿಗೆ ಅಂಟಿದೆ. ಆರ್‌ಎನ್‌ಎ ಎಳೆಯು ಸಿದ್ಧವಾದ ಮೇಲೆ, ಬಾಗಿಲನ್ನು ಕೀಲಿನಿಂದ ಬಿಡಿಸಿ ಮತ್ತೊಂದು ಅಂಚಿನಿಂದ ತೂಗುಹಾಕುವಂತೆ, ಕಿಣ್ವವೊಂದು ಆ ಪ್ರತ್ಯಾಮ್ಲವನ್ನು ಕಳಚಿ, ತಿರುಗಿಸಿ, ಪುನಃ ಜೋಡಿಸುತ್ತದೆ. ಹೀಗೆ ಬಿಡುವಾದ ನೈಟ್ರೋಜನ್ ಇನ್ನೊಂದು ಹೈಡ್ರೋಜನ್ ಬಂಧಕ್ಕೆ ಎಡೆಮಾಡಿ ಎಳೆಯ ರಚನೆಗೆ ದಾರ್ಢ್ಯವನ್ನೀಯುತ್ತದೆ.

1965ರಲ್ಲಿ ರಾಬರ್ಟ್ ಹಾಲಿಯವರ ತಂಡವು ಯೀಸ್ಟಿನ ಅಲನೀನ್ ವಾಹಕ ಆರ್‌ಎನ್‌ಎಯ 77 ಘಟಕಗಳ ಕ್ರಮವನ್ನು ಓದಿದಾಗ, ತುಂಡುಗಳನ್ನು ಗುರುತಿಸಿ ಕೂಡಿಸಲು ನೆರವಾದುದು ಇಂತಹ ವಿರಳ ಘಟಕಗಳೇ. ಆಮೇಲೆ ಅವುಗಳ ಪಟ್ಟಿ ಬೆಳೆದು, ಇಂದು 150ನ್ನು ಮೀರಿದೆ.

ಹೊರಗಿನಿಂದ ಹೊಕ್ಕ ಆರ್‌ಎನ್‌ಎಯನ್ನು ದೇಹದ ರಕ್ಷಣಾವ್ಯವಸ್ಥೆ ಶತ್ರುವೆಂದು ಬಗೆದು ಕೆರಳುವುದನ್ನು ಸ್ಯೂಡೋಯುರಿಡೀನ್ ಶಮನಗೊಳಿಸಬಲ್ಲದೆಂದು ಫಿಲಡೆಲ್ಫಿಯಾದಲ್ಲಿ ಕಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. ಅದರ ಮೆಥೈಲ್‌ಯುಕ್ತ ರೂಪವನ್ನು ಯುರಿಡೀನಿನ ಸ್ಥಾನದಲ್ಲಿ ಧರಿಸಿದ ಆರ್‌ಎನ್‌ಎ ಲಸಿಕೆಗಳು 2020ರ ಡಿಸೆಂಬರಿನಲ್ಲಿ ಕೋವಿಡ್ ಪೀಡಿತ ಜಗತ್ತಿಗೆ ದೊರೆತವು. 2023ರಲ್ಲಿ ಅವರಿಬ್ಬರಿಗೆ ನೊಬೆಲ್ ಪುರಸ್ಕಾರ ಸಂದಿತು.