ಮೈದಾನದಾಚೆ ಎಡವಿದ ಕಾಲೇಜು ಫುಟ್‌ಬಾಲ್ ಆಟಗಾರ: ಕೋಚ್ ಏನು ಮಾಡಬೇಕು, ಏನು ಮಾಡಬಾರದು?

ಚೆನ್ನೈ: ಆಟಗಾರ ಎರಡು ದಿನದಿಂದ ಪ್ರಾಕ್ಟೀಸ್‌ಗೆ ಬಂದಿಲ್ಲ. ಫೋನ್ ಸ್ವಿಚ್ ಆಫ್. ಹಾಸ್ಟೆಲ್‌ನಲ್ಲಿ ವಿಚಾರಿಸಿದರೆ ಸಾಲ, ಕುಡಿತ, ಜಗಳ, ಪೊಲೀಸ್ ಠಾಣೆ ಎಂದು ಒಂದೊಂದೇ ಮಾತು ಹೊರಬರುತ್ತದೆ. ಕಾಲೇಜು ತಂಡಗಳಲ್ಲಿ ಇಂಥ ಸುದ್ದಿ ಪ್ರಾಂಶುಪಾಲರಿಗಿಂತ, ಎಷ್ಟೋ ಸಲ ಮನೆಯವರಿಗಿಂತ ಮೊದಲು ತಲುಪುವುದು ಕೋಚ್‌ಗೆ. ಆಗ ಅವರ ಜವಾಬ್ದಾರಿ ಏನು? ಕಾನೂನು ಏನು ಹೇಳುತ್ತದೆ? ಇಲ್ಲಿದೆ ವಿವರ.

ಚೆನ್ನೈನಲ್ಲಿ ಈ ಪ್ರಶ್ನೆಗೆ ಯಾಕಿಷ್ಟು ತೂಕ?

ಬೆಂಗಳೂರಿಗೆ ಪೀಲೆ ಪ್ರತಿಮೆ ಇರುವ ಗೌತಮಪುರ ಹೇಗೋ, ಚೆನ್ನೈಗೆ ವ್ಯಾಸರ್‌ಪಾಡಿ ಹಾಗೆ. ಉತ್ತರ ಚೆನ್ನೈನ ಈ ಕಾರ್ಮಿಕರ ಬಡಾವಣೆಯಲ್ಲಿ ಫುಟ್‌ಬಾಲ್ ಎಂದರೆ ಬದುಕಿನ ದಾರಿ. ಚೆನ್ನೈಯಿನ್ ಎಫ್‌ಸಿ ಪರ ಐಎಸ್‌ಎಲ್ ಆಡಿದ ಧನಪಾಲ್ ಗಣೇಶ್ ಬೆಳೆದದ್ದು ಇಲ್ಲಿಯೇ.

ಇಂಥ ಮನೆಗಳ ಮಕ್ಕಳಿಗೆ ಕ್ರೀಡಾ ಕೋಟಾದ ಸೀಟು ಕಾಲೇಜಿನ ಬಾಗಿಲು. ಅದರಾಚೆ ದಕ್ಷಿಣ ರೈಲ್ವೆ, ಐಸಿಎಫ್, ಇಂಡಿಯನ್ ಬ್ಯಾಂಕ್‌ನಂಥ ಸಂಸ್ಥೆಗಳ ತಂಡ ಮತ್ತು ಕಾಯಂ ನೌಕರಿಯ ಆಸೆ. ಸರ್ಕಾರಿ ಕೆಲಸಕ್ಕೆ ಮುನ್ನ ಪೊಲೀಸ್ ಪರಿಶೀಲನೆ ಇದ್ದೇ ಇರುತ್ತದೆ. ಹಾಗಾಗಿ ಒಂದು ಎಫ್‌ಐಆರ್ ಇಡೀ ಮನೆಯ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಬಲ್ಲದು. ಆಟಗಾರನನ್ನು ಉಳಿಸಬೇಕೆಂಬ ತುಡಿತ ಕೋಚ್‌ಗೆ ಬರುವುದು ಸಹಜ. ಆದರೆ ಉಳಿಸುವುದು ಬೇರೆ, ಮುಚ್ಚಿಡುವುದು ಬೇರೆ.

ಕೋಚ್ ತಾವೇ ನಿಭಾಯಿಸಬಹುದಾದದ್ದು

ಹಾಜರಾತಿ ಕೊರತೆ, ಬಾಕಿ ಉಳಿದ ಪರೀಕ್ಷೆ, ಮನೆಯ ಹಣದ ತೊಂದರೆ, ಸಹ ಆಟಗಾರರೊಡನೆ ಮನಸ್ತಾಪ, ಇವು ಕೋಚ್ ಮತ್ತು ದೈಹಿಕ ಶಿಕ್ಷಣ ನಿರ್ದೇಶಕರ ಮಟ್ಟದಲ್ಲೇ ಬಗೆಹರಿಯಬಹುದು. ವ್ಯಾಸರ್‌ಪಾಡಿಯಲ್ಲಿ ತಂಗರಾಜ್ ಮತ್ತು ಉಮಾಪತಿ ಕಟ್ಟಿದ ಸಂಸ್ಥೆ ಕೊಳೆಗೇರಿ ಮಕ್ಕಳಿಗೆ ಫುಟ್‌ಬಾಲ್ ಜೊತೆಗೇ ಓದನ್ನೂ ಕಲಿಸುತ್ತ ಬಂದಿದೆ. ಕಾಲೇಜಿಗೂ ಈ ಮಾದರಿ ಹೊಂದುತ್ತದೆ. ಓದು ಕೈಬಿಟ್ಟವನ ಕೈಯಲ್ಲಿ ಆಟವೂ ಹೆಚ್ಚು ದಿನ ಉಳಿಯುವುದಿಲ್ಲ.

ವೈದ್ಯರು, ಆಪ್ತ ಸಮಾಲೋಚಕರಿಗೆ ಬಿಡಬೇಕಾದದ್ದು

ಖಿನ್ನತೆ, ಮಾದಕ ವಸ್ತು, ಆನ್‌ಲೈನ್ ಜೂಜಿನ ಚಟ, ಗಾಯದ ನಂತರದ ಕುಸಿತ, ಇವು ಗದರಿಸಿದರೆ ಹೋಗುವಂಥವಲ್ಲ. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಮಾನಸಿಕ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ.

ಮಾದಕ ವಸ್ತು ಎಂದಾಕ್ಷಣ ಜೈಲು ಎಂಬ ಭಯ ಹಲವರಲ್ಲಿದೆ. ಆದರೆ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 64ಎ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ವ್ಯಸನಿ ಸ್ವಯಂಪ್ರೇರಿತನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಪ್ಪಿದರೆ ವಿಚಾರಣೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ತಪ್ಪಬಹುದು. ಮಾರಾಟ ಮಾಡುವವರಿಗೆ ಇದು ಅನ್ವಯಿಸುವುದಿಲ್ಲ.

ಗಾಯವನ್ನೂ ಹಗುರವಾಗಿ ಕಾಣುವಂತಿಲ್ಲ. ಚೆನ್ನೈನ ಕ್ವೀನ್ ಮೇರಿಸ್ ಕಾಲೇಜಿನ 17 ವರ್ಷದ ಫುಟ್‌ಬಾಲ್ ಆಟಗಾರ್ತಿ 2022ರ ನವೆಂಬರ್ 15ರಂದು ಮೃತಪಟ್ಟಿದ್ದು ನೆನಪಿರಬಹುದು. ಮೊಣಕಾಲಿನ ಶಸ್ತ್ರಚಿಕಿತ್ಸೆ ಬಳಿಕ ಸ್ಥಿತಿ ಬಿಗಡಾಯಿಸಿ, ಕಾಲನ್ನೇ ತೆಗೆಯಬೇಕಾಯಿತು. ಆದರೂ ಜೀವ ಉಳಿಯಲಿಲ್ಲ. ಅದು ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣ. ಇಬ್ಬರು ವೈದ್ಯರು ಅಮಾನತಾದರು, ಕುಟುಂಬಕ್ಕೆ ಸರ್ಕಾರ 10 ಲಕ್ಷ ರೂ. ಪರಿಹಾರ ನೀಡಿತು. ಕಾಲೇಜುಗಳಿಗೆ ಇದರಲ್ಲೊಂದು ಎಚ್ಚರಿಕೆ ಇದೆ: ಆಟಗಾರರು ಆಸ್ಪತ್ರೆ ಸೇರಿದ ಮೇಲೂ ವಿಚಾರಿಸುವವರೊಬ್ಬರು ಇರಬೇಕು.

ಮುಚ್ಚಿಡಲೇಬಾರದ್ದು

*ರ್‍ಯಾಗಿಂಗ್:* 1996ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿ ಪೊನ್ ನಾವರಸು ಕೊಲೆಯ ಬಳಿಕ ತಮಿಳುನಾಡು 1997ರಲ್ಲಿ ರ್‍ಯಾಗಿಂಗ್ ನಿಷೇಧ ಕಾಯ್ದೆ ತಂದಿತು. ಇದರಡಿ 2 ವರ್ಷದವರೆಗೆ ಜೈಲು, 10 ಸಾವಿರ ರೂ.ವರೆಗೆ ದಂಡ ವಿಧಿಸಬಹುದು. ಯುಜಿಸಿಯ 2009ರ ನಿಯಮ ದೇಶದ ಎಲ್ಲ ಕಾಲೇಜುಗಳಿಗೂ ಅನ್ವಯ. 'ಹೊಸಬರನ್ನು ಸೀನಿಯರ್‌ಗಳು ಸ್ವಲ್ಪ ಆಟ ಆಡಿಸುವುದು ತಂಡದ ಸಂಪ್ರದಾಯ' ಎಂಬ ಸಬೂಬು ಇಲ್ಲಿ ನಡೆಯದು.

*ಲೈಂಗಿಕ ದೌರ್ಜನ್ಯ:* ಪ್ರಥಮ ವರ್ಷದ ಎಷ್ಟೋ ವಿದ್ಯಾರ್ಥಿಗಳಿಗೆ 18 ತುಂಬಿರುವುದಿಲ್ಲ. ಸಂತ್ರಸ್ತರು ಅಪ್ರಾಪ್ತರಾಗಿದ್ದರೆ ಪೋಕ್ಸೊ ಕಾಯ್ದೆಯ ಸೆಕ್ಷನ್ 19ರಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು. ಕೋಚ್‌ಗೂ ಇದರಿಂದ ವಿನಾಯಿತಿ ಇಲ್ಲ. ವಯಸ್ಕ ವಿದ್ಯಾರ್ಥಿನಿಯರ ದೂರು ಕಾಲೇಜಿನ ಆಂತರಿಕ ದೂರು ಸಮಿತಿಗೆ ಹೋಗಬೇಕು. ಕೋಚ್ ಕೊಠಡಿಯಲ್ಲಿ ರಾಜಿ ಪಂಚಾಯಿತಿ ಕೂಡದು.

ಆರೋಪ ಕೋಚ್ ಮೇಲೆಯೇ ಬರಬಹುದು ಎಂಬುದನ್ನೂ ಮರೆಯುವಂತಿಲ್ಲ. ಭಾರತದ 17 ವರ್ಷದೊಳಗಿನ ಮಹಿಳಾ ತಂಡದ ಸಹಾಯಕ ಕೋಚ್ ಒಬ್ಬರನ್ನು 2022ರಲ್ಲಿ ಯುರೋಪ್ ಪ್ರವಾಸದ ವೇಳೆ ಲೈಂಗಿಕ ದುರ್ವರ್ತನೆ ಆರೋಪದ ಮೇಲೆ ವಜಾ ಮಾಡಲಾಗಿತ್ತು. ಆದ್ದರಿಂದ ಆಟಗಾರರಿಗೆ ಕೋಚ್ ಅಲ್ಲದೆ ದೂರು ಹೇಳಿಕೊಳ್ಳಲು ಇನ್ನೊಬ್ಬರು ಇರಲೇಬೇಕು.

ಅಮೆರಿಕದ ಎರಡು ಪಾಠ

ಅಮೆರಿಕದ ಕಾಲೇಜು ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಆದರೆ ಪ್ರಶ್ನೆ ಒಂದೇ. 1995ರಲ್ಲಿ ನೆಬ್ರಾಸ್ಕ ತಂಡದ ಲಾರೆನ್ಸ್ ಫಿಲಿಪ್ಸ್ ಮಾಜಿ ಗೆಳತಿಯ ಮೇಲಿನ ಹಲ್ಲೆ ಪ್ರಕರಣದಲ್ಲಿ ಬಂಧಿತನಾದ. ಆಟದ ಶಿಸ್ತೇ ಆತನಿಗೆ ಆಧಾರ ಎಂದು ವಾದಿಸಿದ ಕೋಚ್ ಟಾಮ್ ಆಸ್ಬೋರ್ನ್, ಅಮಾನತಿನ ಬಳಿಕ ಅದೇ ಋತುವಿನಲ್ಲಿ ಮತ್ತೆ ಆಡಿಸಿದರು. ತಂಡ ಚಾಂಪಿಯನ್ ಆಯಿತು. ಫಿಲಿಪ್ಸ್ ಬದುಕು ಮಾತ್ರ ಹಳಿಗೆ ಬರಲಿಲ್ಲ. ಬೇರೆ ಅಪರಾಧಗಳಿಗೆ ಜೈಲು ಸೇರಿ, 2016ರಲ್ಲಿ ಅಲ್ಲೇ ಮೃತಪಟ್ಟ. ಅದೇ ವರ್ಷ ಬೇಲರ್ ವಿಶ್ವವಿದ್ಯಾಲಯದಲ್ಲಿ, ಆಟಗಾರರ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳನ್ನು ಸರಿಯಾಗಿ ನಿಭಾಯಿಸದ ಕಾರಣಕ್ಕೆ ಕೋಚ್ ಆರ್ಟ್ ಬ್ರೈಲ್ಸ್ ಹುದ್ದೆ ಕಳೆದುಕೊಂಡರು.

ಶಿಸ್ತು ಕ್ರಮ ಹೇಗಿರಬೇಕು?

* ನಿಯಮಗಳನ್ನು ಋತು ಆರಂಭಕ್ಕೆ ಮುನ್ನವೇ ಬರೆದು, ಆಟಗಾರರಿಗೂ ಪೋಷಕರಿಗೂ ತಿಳಿಸಬೇಕು. ಸ್ಟಾರ್ ಸ್ಟ್ರೈಕರ್‌ಗೂ ಬೆಂಚ್‌ನಲ್ಲಿ ಕೂರುವವನಿಗೂ ಒಂದೇ ನಿಯಮ.
* ಗಂಭೀರ ಆರೋಪ ಬಂದಾಗ ಆಡಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ಕಾಲೇಜು ಸಮಿತಿ ಮಾಡಲಿ. ನಾಳಿನ ಪಂದ್ಯ ಗೆಲ್ಲಬೇಕಾದವರು ಇಂದಿನ ತೀರ್ಪುಗಾರರಾಗಬಾರದು.
* ದೂರು ಕೊಟ್ಟವರ ಸುರಕ್ಷತೆಗೆ ಮೊದಲ ಆದ್ಯತೆ. ಇಬ್ಬರೂ ಒಂದೇ ತಂಡ ಅಥವಾ ಹಾಸ್ಟೆಲ್‌ನಲ್ಲಿದ್ದರೆ ದೂರು ಕೊಟ್ಟವರೇ ಜಾಗ ಬಿಡುವಂತಾಗಬಾರದು.
* ಪಂದ್ಯದಿಂದ ಹೊರಗಿಟ್ಟರೂ ಸಂಪರ್ಕ ಕಡಿದುಕೊಳ್ಳಬಾರದು. ಸೀಟು, ಹಾಸ್ಟೆಲ್, ಊಟ ಒಟ್ಟಿಗೇ ಹೋದರೆ ಹುಡುಗನಿಗೆ ಮರಳುವ ದಾರಿಯೇ ಇರುವುದಿಲ್ಲ.

ಸಹಾಯವಾಣಿ

ಮಾನಸಿಕ ಆರೋಗ್ಯ, ಟೆಲಿ ಮಾನಸ್: 14416 (ಕನ್ನಡದಲ್ಲೂ ಲಭ್ಯ)
ವ್ಯಸನಮುಕ್ತಿ: 14446
ರ್‍ಯಾಗಿಂಗ್ ವಿರೋಧಿ ಸಹಾಯವಾಣಿ: 1800-180-5522
ಮಕ್ಕಳ ಸಹಾಯವಾಣಿ: 1098