ಇಂಗ್ಲಿಷ್ ಶಾಲೆಯಲ್ಲಿ ಬೆಳೆದ ಕನ್ನಡ: ಬೆಂಗಳೂರಿನ ಸೆಂಟ್ರಲ್ ಕಾಲೇಜು

ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಕಾಲ. ಮದರಾಸು ವಿಶ್ವವಿದ್ಯಾಲಯ ಹುಟ್ಟಿದ ಮರುವರ್ಷ, 1858ರಲ್ಲಿ, ಬೆಂಗಳೂರು ಹೈಸ್ಕೂಲ್ ಆರಂಭವಾಯಿತು. ಇಂಗ್ಲಿಷ್ ಬಲ್ಲವರಿಗೆ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಕಾದಿತ್ತು. ಹುಡುಗರು ಬಂದದ್ದೂ ಅದಕ್ಕಾಗಿಯೇ. ಶಾಲೆಯ ಹೊಣೆ ಹೊತ್ತವರು ರೆವರೆಂಡ್ ಜಾನ್ ಗ್ಯಾರೆಟ್. ವೆಸ್ಲಿಯನ್ ಮಿಷನ್ನಿನ ಈ ಪಾದ್ರಿ ಅದಕ್ಕೂ ಮೊದಲೇ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು.

1875ರಲ್ಲಿ ಶಾಲೆ ಸೆಂಟ್ರಲ್ ಕಾಲೇಜಾಯಿತು. ಪದವಿ ಮಾತ್ರ ಮದರಾಸಿನದು. ಆಗಿನ ವಿದ್ಯಾರ್ಥಿಗಳಲ್ಲಿ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಒಬ್ಬರು. ತಂದೆಯಿಲ್ಲದ ಹುಡುಗ, ಕೊಡಗಿನ ಅಧಿಕಾರಿಯೊಬ್ಬರ ಮಕ್ಕಳಿಗೆ ಮನೆಪಾಠ ಹೇಳಿ ಓದಿನ ಖರ್ಚು ತೂಗಿಸಿದರು. ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಅವರಿಗೆ ಈ ಶಿಷ್ಯನೆಂದರೆ ಅಚ್ಚುಮೆಚ್ಚು. 1881ರಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಓದಲು ಪುಣೆಗೆ ಹೋದರು. ರಾಜಾಜಿಯವರೂ ಸೆಂಟ್ರಲ್ ಕಾಲೇಜಿನಲ್ಲೇ ಓದಿದವರು.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. ಮುಂದೆ ಮೈಸೂರಿನ ಮಹಾರಾಜಾ ಕಾಲೇಜು ಮಾನವಿಕಗಳಿಗೆ, ಸೆಂಟ್ರಲ್ ಕಾಲೇಜು ವಿಜ್ಞಾನಕ್ಕೆ ಹೆಸರಾದವು. ಸಿ.ವಿ. ರಾಮನ್ ಕಲ್ಕತ್ತೆಯಲ್ಲಿ ತಾವು ಕಂಡ ಹೊಸ ವಿಕಿರಣದ ವಿಷಯವನ್ನು 1928ರ ಮಾರ್ಚ್ 16ರಂದು ವಿವರಿಸಿದ್ದು ಬೆಂಗಳೂರಿನ ವಿಜ್ಞಾನಿಗಳ ಮುಂದೆ, ಇದೇ ಕಾಲೇಜಿನಲ್ಲಿ.

ಆದರೆ ವಿಜ್ಞಾನ ಇಲ್ಲಿ ಇಂಗ್ಲಿಷಿನಲ್ಲೇ ಉಳಿಯಲಿಲ್ಲ. ಭೌತಶಾಸ್ತ್ರದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಶಾಸ್ತ್ರವನ್ನು ಹೊರಗೆ ಕನ್ನಡದಲ್ಲಿ ಬರೆಸಿದರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು. ಅದು ನಡೆದದ್ದು ಎರಡೇ ವರ್ಷ. ಆದರೂ ಕನ್ನಡದಲ್ಲಿ ವಿಜ್ಞಾನ ಬರೆಯಲು ಬರುವುದಿಲ್ಲ ಎನ್ನುವವರಿಗೆ ಅಚ್ಚಾದ ಉತ್ತರ ಸಿಕ್ಕಿತು. ಬೆಳ್ಳಾವೆಯವರು ಕನ್ನಡ ಸಾಹಿತ್ಯ ಪರಿಷತ್ತನ್ನು ಕಟ್ಟಿದವರಲ್ಲೂ ಒಬ್ಬರು.

ಅದೇ ಕಾಲದಲ್ಲಿ ಕಾಲೇಜಿನ ಇನ್ನೊಬ್ಬ ಅಧ್ಯಾಪಕ ಎ.ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಸೇರಿಸಿ ಕರ್ಣಾಟಕ ಸಂಘ ಕಟ್ಟಿದರು. ಆ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ತ್ರೈಮಾಸಿಕ ಹೊರಬಂತು. ಕನ್ನಡ ಮಾತಾಡಲು ಓದಿದವರೇ ನಾಚುತ್ತಿದ್ದ ದಿನಗಳಲ್ಲಿ ಕಾಲೇಜು ಹುಡುಗರು ಕನ್ನಡ ಪತ್ರಿಕೆ ಹಿಡಿದು ಓಡಾಡುವುದು ಸಣ್ಣ ಸಂಗತಿಯಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ ಮುಂದೆ ಆ ಪತ್ರಿಕೆಯನ್ನು ತಾನೇ ವಹಿಸಿಕೊಂಡಿತು. ಜಿ.ಪಿ. ರಾಜರತ್ನಂ ಕೂಡ ಇಲ್ಲಿ ಕನ್ನಡದ ಮೇಷ್ಟರಾಗಿದ್ದು ಎಳೆಯರನ್ನು ಬರೆಯಲು ಹಚ್ಚಿದರು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಸೆಂಟ್ರಲ್ ಕಾಲೇಜು ಅದರ ಮಡಿಲು ಸೇರಿತು. 2017ರಲ್ಲಿ ವಿಶ್ವವಿದ್ಯಾಲಯ ಮೂರು ಪಾಲಾದ ಮೇಲೆ, ಗಡಿಯಾರ ಗೋಪುರದ ಈ ಆವರಣವೇ ಹೊಸದೊಂದು ವಿಶ್ವವಿದ್ಯಾಲಯದ ನೆಲೆಯಾಯಿತು.

ಹೈಸ್ಕೂಲು, ಕಾಲೇಜು, ವಿಶ್ವವಿದ್ಯಾಲಯ – ಇವೆಲ್ಲ ಸರ್ಕಾರದ ಆದೇಶದಿಂದ ಆದವು. ಕರ್ಣಾಟಕ ಸಂಘಕ್ಕಾಗಲಿ ‘ವಿಜ್ಞಾನ’ಕ್ಕಾಗಲಿ ಅಂಥ ಆದೇಶವಿರಲಿಲ್ಲ, ಪಾಠ ಮುಗಿದ ಮೇಲೆ ಮನೆಗೆ ಹೋಗಬಹುದಾಗಿದ್ದ ಮೇಷ್ಟರುಗಳು ಅವನ್ನು ಕಟ್ಟಿದರು. ಈ ಸಂಸ್ಥೆಯ ಸ್ಮರಣೆಯಲ್ಲಿ ಮೊದಲ ಸಾಲು ಅವರಿಗೆ ಸಲ್ಲಬೇಕು.