ಹಣೆಪಟ್ಟಿಯ ಎತ್ತರ: ಪಶ್ಚಿಮ ಬೆಂಗಳೂರಿನ ಸಿನಿಮಾ ಅಭಿಮಾನಿಗೆ ಇಟ್ಟ ಹೆಸರುಗಳು

‘ಲೇಬಲ್’ ಎಂಬುದಕ್ಕೆ ಕನ್ನಡದಲ್ಲಿ ನೆಲೆನಿಂತ ಪದ ‘ಹಣೆಪಟ್ಟಿ’. ಡಬ್ಬಿಗೆ ಅಂಟಿಸಿದ ಚೀಟಿಗಿಂತ ಇದು ಕಠಿಣ. ಎದುರಿಗೆ ಬಂದವರೆಲ್ಲ ಓದಬಲ್ಲರು, ಹೊತ್ತವನು ಮಾತ್ರ ಓದಲಾರ. ಉಪಸಂಸ್ಕೃತಿಗಳಿಗೆ ಸೇರಿದವರು ತಮಗಿಟ್ಟ ಹೆಸರನ್ನು ಏಕೆ ಒಲ್ಲರು ಎಂಬ ಪ್ರಶ್ನೆಗೆ ಸಮಾಜಶಾಸ್ತ್ರದಲ್ಲಿ ಸಿದ್ಧ ಉತ್ತರವಿದೆ: ಹೆಸರು ಹೊರಗಿನವರದು, ಬದುಕು ಒಳಗಿನವರದು. ಹೊವರ್ಡ್ ಬೆಕರ್ 1963ರಲ್ಲಿ ‘ಔಟ್‌ಸೈಡರ್ಸ್’ ಕೃತಿಯಲ್ಲೂ ಡಿಕ್ ಹೆಬ್ಡಿಜ್ 1979ರಲ್ಲಿ ಬ್ರಿಟನ್ನಿನ ಪಂಕ್ ತರುಣರ ಕುರಿತ ಅಧ್ಯಯನದಲ್ಲೂ ತೋರಿಸಿದ ದಾರಿ ಹೆಚ್ಚುಕಡಿಮೆ ಇದೇ. ಕನ್ನಡದ ನಟ ರಾಜ್‌ಕುಮಾರ್ ಅಭಿಮಾನಿಗಳ ವಿಷಯದಲ್ಲಿ ಈ ಉತ್ತರ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ಪಶ್ಚಿಮ ಬೆಂಗಳೂರಿನ ಗೋವಿಂದರಾಜನಗರ ವಿಧಾನಸಭಾ ಕ್ಷೇತ್ರವಾದದ್ದು 2008ರಲ್ಲಿ. ಈ ಭಾಗದ ಸಿನಿಮಾ ಭೂಪಟ ಅದಕ್ಕಿಂತ ಹಳೆಯದು: ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್, ಆಚೆ ರಾಜಾಜಿನಗರದ ನವರಂಗ್ ಚಿತ್ರಮಂದಿರಗಳು. ಗಿರಣಿಗಳಲ್ಲಿ, ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಲ್ಲಿ ದುಡಿದವರ ಬಡಾವಣೆಗಳಿವು. ಕಟೌಟ್, ಹಾಲಿನ ಅಭಿಷೇಕ, ಮೊದಲ ದಿನದ ಪಟಾಕಿ ಇವೆಲ್ಲ ಹೊರಗಿನವರ ಕಣ್ಣಿಗೆ ಬೀಳುವಂಥವು. ನವೆಂಬರಿನುದ್ದಕ್ಕೂ ಅಡ್ಡರಸ್ತೆ ಅಡ್ಡರಸ್ತೆಯಲ್ಲೂ ನಡೆಯುವ ರಾಜ್ಯೋತ್ಸವ, ಅಣ್ಣಮ್ಮದೇವಿಯ ಮೆರವಣಿಗೆ, ಆರ್ಕೆಸ್ಟ್ರಾ, ಇವುಗಳಿಗೆ ಮನೆಮನೆಯಿಂದ ಚಂದಾ ಎತ್ತಿ ಲೆಕ್ಕ ಒಪ್ಪಿಸುವುದು ಅಷ್ಟಾಗಿ ಬೀಳುವುದಿಲ್ಲ. ಹಣೆಪಟ್ಟಿ ಬರೆಯುವವರು ಥಿಯೇಟರಿನ ಮುಂದೆ ನಿಂತು ಬರೆಯುತ್ತಾರೆ. ಚಂದಾ ಪುಸ್ತಕದ ಮುಂದೆ ಕೂತು ಬರೆದವರು ಕಡಿಮೆ.

ಕನ್ನಡಕ್ಕಾಗಿ ನಡೆದ 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಧುಮುಕಿದ ಮೇಲೆ ಅಭಿಮಾನಿ ಎಂಬ ಮಾತಿಗೆ ಭಾಷೆಯ ಭಾರವೂ ಸೇರಿತು. ಎಂ. ಮಾಧವ ಪ್ರಸಾದ್ 2014ರ ‘ಸಿನಿ-ಪಾಲಿಟಿಕ್ಸ್’ ಪುಸ್ತಕದಲ್ಲಿ ಎಂಜಿಆರ್, ಎನ್‌ಟಿಆರ್ ಜೊತೆಗೆ ರಾಜ್‌ಕುಮಾರರನ್ನೂ ಇಟ್ಟು ನೋಡುವುದು ಇದೇ ಕಾರಣಕ್ಕೆ. ಪದವನ್ನೂ ಗಮನಿಸಬೇಕು. ಇಂಗ್ಲಿಷಿನ ‘ಫ್ಯಾನ್’ ಮತಾಂಧ ಎಂಬರ್ಥದ ಪದದ ತುಂಡು. ನಮ್ಮ ‘ಅಭಿಮಾನಿ’ಯೊಳಗೆ ‘ಮಾನ’ ಇದೆ. ಒಬ್ಬನನ್ನು ‘ಅಂಧಾಭಿಮಾನಿ’ ಎಂದರೆ ಅವನ ಪ್ರೀತಿಯನ್ನು ಮಾತ್ರ ಹೀಗಳೆದಂತಲ್ಲ, ಮಾನಕ್ಕೂ ಕೈಹಾಕಿದಂತೆ.

ರಾಜ್‌ಕುಮಾರ್ ಇವರನ್ನು ಕರೆದದ್ದು ‘ಅಭಿಮಾನಿ ದೇವರುಗಳೇ’ ಎಂದು. ಈ ಹೆಸರೂ ಇವರು ತಾವಾಗಿ ಇಟ್ಟುಕೊಂಡದ್ದಲ್ಲ. ತನ್ನನ್ನು ತಾನೇ ದೇವರೆಂದು ಕರೆದುಕೊಳ್ಳುವವನನ್ನು ಕಂಡು ಬೀದಿಯ ಮಕ್ಕಳೂ ನಕ್ಕಾರು! ಆದರೂ ಇದನ್ನು ಯಾರೂ ಹಣೆಪಟ್ಟಿ ಎಂದು ಕಿತ್ತೆಸೆಯಲಿಲ್ಲ. ಹೊರಗಿನವರು ಕೊಟ್ಟ ಹೆಸರು ಎಂಬುದೇ ಸಿಟ್ಟಿಗೆ ಕಾರಣವಾಗಿದ್ದರೆ ಇದಕ್ಕೂ ಸಿಟ್ಟು ಬರಬೇಕಿತ್ತು. ವ್ಯತ್ಯಾಸವಿರುವುದು ಹೆಸರಿಟ್ಟವನು ನಿಂತ ಎತ್ತರದಲ್ಲಿ. ಕೈಮುಗಿದು, ತನ್ನನ್ನು ಕೆಳಗಿಟ್ಟುಕೊಂಡು ಕರೆದ ಹೆಸರದು. ಇತ್ತ ಅಭಿಮಾನಿಗಳೂ ಅವರನ್ನು ‘ಅಣ್ಣಾವ್ರು’ ಎಂದರು, ನಟನನ್ನು ಮನೆಯ ನಂಟಿನೊಳಗೆ ತಂದುಕೊಂಡರು.

2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಅಂದೂ ಮರುದಿನವೂ ನಗರದಲ್ಲಿ ಬೆಂಕಿ, ಕಲ್ಲುತೂರಾಟ, ಗೋಲಿಬಾರ್, ಸಾವು. ಅಂತ್ಯಸಂಸ್ಕಾರ ನಡೆದ ಕಂಠೀರವ ಸ್ಟುಡಿಯೋ ಇರುವುದೂ ನಗರದ ಈ ಪಶ್ಚಿಮದ ಅಂಚಿನಲ್ಲೇ. ಆಗ ಚಲಾವಣೆಗೆ ಬಂದ ಪದಗಳು ಪುಂಡರು, ಕಿಡಿಗೇಡಿಗಳು. ಹಿಂಸೆ ನಿಜ, ಅದನ್ನು ಮರೆಸಿ ಅಭಿಮಾನಿಯನ್ನು ಎತ್ತಿಹಿಡಿಯುವುದು ಸಂಶೋಧನೆಯಲ್ಲ. ಆದರೆ ಕಲ್ಲು ಎಸೆದವನಿಗೂ, ದರ್ಶನ ಸಿಗದೆ ಅತ್ತು ಮನೆಗೆ ಹೋದವನಿಗೂ ಒಂದೇ ಪಟ್ಟಿ ಬಿತ್ತು. ಹೆಸರು ಮೇಲಿನಿಂದ ಬೀಳುವಾಗ ಕೆಳಗಿನ ಮುಖಗಳು ಬೇರೆಬೇರೆಯಾಗಿ ಕಾಣುವುದಿಲ್ಲ.

ಹೀಗೆ ನೊಂದವರು ಮಾಡುವ ಮೊದಲ ಕೆಲಸ ಇನ್ನೊಬ್ಬರಿಗೆ ಪಟ್ಟಿ ಕಟ್ಟುವುದು ಎಂಬುದನ್ನೂ ಹೇಳಬೇಕು. ‘ನಿಜವಾದ ಅಭಿಮಾನಿ ಹಂಗೆಲ್ಲ ಮಾಡಲ್ಲ’ ಎಂಬ ಮಾತು ಈ ಬಡಾವಣೆಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. ಅದು ತನ್ನ ಹೆಸರನ್ನು ತೊಳೆದುಕೊಂಡು ಕೊಳೆಯನ್ನು ಪಕ್ಕದ ಅಭಿಮಾನಿ ಸಂಘದ ಬಾಗಿಲಿಗೆ ಸುರಿಯುವ ಮಾತು. ಶಿಕಾಗೊದಲ್ಲಿ ಸ್ವತಃ ಪಿಯಾನೊ ನುಡಿಸುತ್ತಿದ್ದ ಬೆಕರ್ ಇಂಥದನ್ನೇ ಕಂಡಿದ್ದ: ಸಮಾಜ ಹೊರಗಿಟ್ಟ ಸಂಗೀತಗಾರರು ಕೇಳುಗರಿಗೇ ‘ಸ್ಕ್ವೇರ್’ ಎಂದು ಹೆಸರಿಟ್ಟು, ತಾವು ಒಂದು ಮೆಟ್ಟಿಲು ಮೇಲೇರಿ ಕೂರುತ್ತಿದ್ದರು. ಪಟ್ಟಿ ಬೇಡ ಎನ್ನುವವರಿಗೂ ಎತ್ತರ ಬೇಕು.

2021ರ ಅಕ್ಟೋಬರ್ 29ರಂದು ರಾಜ್‌ಕುಮಾರರ ಮಗ ಪುನೀತ್ ಹೋದಾಗ ಜನಸಾಗರ ಶಾಂತವಾಗಿತ್ತು. ಎಲ್ಲೆಡೆ ಹೊಗಳಿಕೆ: ಅಭಿಮಾನಿಗಳು ಸಂಯಮ ಮೆರೆದರು. ಈ ಹೊಗಳಿಕೆಯ ಒಳಗೂ ಹದಿನೈದು ವರ್ಷದ ಹಳೆಯ ಪಟ್ಟಿ ಅಡಗಿತ್ತು. ಕಲ್ಲು ಎಸೆಯದಿದ್ದುದಕ್ಕೆ ಶಾಲೆಯ ಹುಡುಗರಿಗೆ ಕೊಡುವಂಥ ಶಹಬ್ಬಾಸ್‌ಗಿರಿ ಅದು. ಅದೇ ದಿನಗಳಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ತಂದೆಯಂತೆ ಪುನೀತರ ಕಣ್ಣುಗಳೂ ದಾನವಾದವು, ರಾಜಾಜಿನಗರದ ನಾರಾಯಣ ನೇತ್ರಾಲಯದ ಮೂಲಕ. ಅಲ್ಲಿನ ನೇತ್ರಬ್ಯಾಂಕಿಗೆ ಡಾ. ರಾಜ್‌ಕುಮಾರ್ ಅವರದೇ ಹೆಸರು. ನೇತ್ರದಾನಕ್ಕೆ ಹೆಸರು ಕೊಡುವವರ ಸಂಖ್ಯೆ ರಾಜ್ಯದಲ್ಲಿ ಒಮ್ಮೆಗೇ ಏರಿತು. ಆ ನೋಂದಣಿಯಲ್ಲಿ ಅಭಿಮಾನಿ ಬರೆದದ್ದು ಅಪ್ಪ ಅಮ್ಮ ಇಟ್ಟ ಹೆಸರನ್ನು.